ಹೈದರನ ವರಹದ ಮೇಲಿನ ಶಿವಪಾರ್ವತಿಯರು

ಸಾಗರದಲ್ಲಿ ಚಿನ್ನದ ಸಾಲಕ್ಕೆ ಬರುವ ಒಡವೆಗಳನ್ನು ಪರೀಕ್ಷಿಸುವುದು ನನ್ನ ಕಸುಬು. ಸುತ್ತಲಿನ ಹಳೆಯ ಅಡಿಕೆ ಮನೆತನಗಳವರು ತರುವ ಸರಗಳಲ್ಲಿ ಆಗಾಗ ಕೊಂಡಿ ಬೆಸೆದ ವರಹ, ಅಂದರೆ ಹಳೆಯ ಕಾಲದ ಚಿನ್ನದ ನಾಣ್ಯ, ಕಣ್ಣಿಗೆ ಬೀಳುತ್ತದೆ. ಅಂಥ ಸರ ಬಂದ ದಿನ ಒರೆಗಲ್ಲಿಗಿಂತ ಮೊದಲು ನನ್ನ ಕೈ ಹೋಗುವುದು ಭೂತಗನ್ನಡಿಗೆ.

ನಾಣ್ಯದ ಅಗಲ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು, ತೂಕ ಸುಮಾರು 3.4 ಗ್ರಾಂ. ಮುಂಬದಿಯಲ್ಲಿ ಶಿವ ಕುಳಿತಿದ್ದಾನೆ, ಪಕ್ಕದಲ್ಲಿ ಪಾರ್ವತಿ. ಶಿವನ ಕೈಗಳಲ್ಲಿ ತ್ರಿಶೂಲ ಮತ್ತು ಜಿಂಕೆ. ಇಬ್ಬರ ಮುಖವೂ ಬರಿಯ ಉಬ್ಬಿದ ಬೊಟ್ಟುಗಳು, ಮೈಯೆಲ್ಲ ಗೆರೆಗಳು. ಇಷ್ಟು ಕಿರಿದಾದ ಜಾಗದಲ್ಲಿ ದಂಪತಿಯನ್ನು ಕೂರಿಸಿದ ಅಚ್ಚು ಕೊರೆಯುವವನ ಕೈಗೆ ನಾನು ಪ್ರತಿಸಲವೂ ಮನಸಾರೆ ನಮಸ್ಕರಿಸುತ್ತೇನೆ.

ಈ ಚಿತ್ರ ಹಳೆಯದು. ವಿಜಯನಗರದ ಎರಡನೆಯ ಹರಿಹರ 14ನೆಯ ಶತಮಾನದ ಕೊನೆಯಲ್ಲೇ ಉಮಾಮಹೇಶ್ವರರನ್ನು ಚಿನ್ನದ ಮೇಲೆ ಒತ್ತಿಸಿದ್ದ. ಹಿಂಬದಿಯಲ್ಲಿ ನಾಗರಿ ಲಿಪಿಯಲ್ಲಿ ‘ಶ್ರೀ ಪ್ರತಾಪ ಹರಿಹರ’ ಎಂದಿತ್ತು. ಮುಂದೆ ನಮ್ಮ ಕೆಳದಿಯ ನಾಯಕರು ಅದೇ ಜೋಡಿಯನ್ನು ಉಳಿಸಿಕೊಂಡು ಹಿಂದೆ ‘ಶ್ರೀ ಸದಾಶಿವ’ ಎಂದು ಬರೆಸಿದರು. ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋದ ಮೇಲೂ ಜನ ಅದನ್ನು ಇಕ್ಕೇರಿ ವರಹ ಎಂದೇ ಕರೆದರು.

1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದ. ಊರಿನ ಹೆಸರು ಹೈದರನಗರವಾಯಿತು. ಅಲ್ಲಿ ಅವನು ಹೊಡೆಸಿದ ವರಹದ ಮುಂಬದಿಯಲ್ಲಿ ಮಾತ್ರ ಶಿವಪಾರ್ವತಿಯರು ಇದ್ದ ಹಾಗೆಯೇ ಇದ್ದಾರೆ! ಬದಲಾದದ್ದು ಹಿಂಬದಿ. ಸಣ್ಣ ಸಣ್ಣ ಚುಕ್ಕೆಗಳು ತುಂಬಿದ ಬಯಲಿನ ನಡುವೆ ಪರ್ಷಿಯನ್ ಲಿಪಿಯ ಒಂದೇ ಒಂದು ಅಕ್ಷರ, ಹೈದರನ ಹೆಸರಿನ ಮೊದಲಕ್ಷರ ‘ಹೇ’. ಇದೇ ಬಹದ್ದೂರಿ ವರಹ.

ಇದನ್ನು ಹೈದರನ ಉದಾರತೆ ಎಂದು ಕೊಂಡಾಡುವವರಿದ್ದಾರೆ, ಬರಿಯ ಲೆಕ್ಕಾಚಾರ ಎನ್ನುವವರೂ ಇದ್ದಾರೆ. ಕಸುಬಿನ ಕಣ್ಣಿನಿಂದ ನೋಡುವ ನನಗೆ ಇದರಲ್ಲಿ ಎದ್ದು ಕಾಣುವುದು ಸಂತೆಯ ಮಾತಿಗಿದ್ದ ಬೆಲೆ. ಮೆಣಸು, ಅಡಿಕೆಗಳ ವ್ಯಾಪಾರ ನಡೆಯುತ್ತಿದ್ದ ಸೀಮೆಯಿದು. ಲಿಪಿ ಓದಲು ಬಾರದವನೂ ಚಿತ್ರ ನೋಡಿ ವರಹವನ್ನು ಗುರುತಿಸಬಲ್ಲ. ಚಿತ್ರ ಬದಲಾದರೆ ಚಿನಿವಾರ ಮತ್ತೆ ಉಜ್ಜಿ ನೋಡಬೇಕು, ತೂಗಬೇಕು, ಬಟ್ಟ (ನಾಣ್ಯ ಬದಲಿಸುವಾಗಿನ ಕಡಿತ) ಹಿಡಿಯಬೇಕು. ಓದು ಬರಹ ಬಾರದ ಹೈದರನಿಗೆ ಇದು ಯಾರೂ ಹೇಳಿಕೊಡದೆಯೇ ತಿಳಿದಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಂಬಿಕೆಯನ್ನು ಕೆದಕದೆ ತನ್ನ ಗುರುತನ್ನು ಹಿಂಬದಿಗೆ ಸೇರಿಸಿದ ಅವನ ವಿವೇಕ ದೊಡ್ಡದು.

ಟಿಪ್ಪು ತನ್ನ ನಾಣ್ಯಗಳಿಂದ ದೇವರ ಚಿತ್ರಗಳನ್ನು ತೆಗೆಸಿದ. ಆದರೆ ಅವನ ವರಹಗಳ ಮೇಲೂ ಬರಹದ ನಡುವೆ ತಂದೆಯ ಆ ಅಕ್ಷರ ಉಳಿದುಕೊಂಡಿತು. ಹೈದರ್ ಯಾರದೋ ಚಿತ್ರವನ್ನು ಉಳಿಸಿಕೊಂಡಿದ್ದ, ಮಗ ಅವನ ಅಕ್ಷರವನ್ನು ಉಳಿಸಿಕೊಂಡ.

1799ರಲ್ಲಿ ಟಿಪ್ಪು ಮಡಿದ ನಂತರ, ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಶಿವಪಾರ್ವತಿಯರು ಮತ್ತೆ ಚಿನ್ನದ ಮೇಲೆ ಬಂದು ಕುಳಿತರು. ಈ ಸಲ ಹಿಂಬದಿಯಲ್ಲಿ ನಾಗರಿಯ ‘ಶ್ರೀ ಕೃಷ್ಣರಾಜ’. ತಾಮ್ರದಲ್ಲೂ ಹೀಗೆಯೇ ಆಯಿತು. ಟಿಪ್ಪುವಿನ ಕಾಸುಗಳ ಆನೆ ಒಡೆಯರ ಕಾಸುಗಳ ಮೇಲೂ ನಡೆಯಿತು, ಅದರ ಮೇಲ್ಗಡೆ ಸೂರ್ಯಚಂದ್ರರು ಸೇರಿಕೊಂಡರು.

ಸರದಲ್ಲಿರುವ ವರಹ ಯಾರದೆಂದು ತಿಳಿಯಲು ಮುಂಬದಿಯನ್ನು ನೋಡಿ ಪ್ರಯೋಜನವಿಲ್ಲ, ತಿರುವಿ ನೋಡಬೇಕು. ಕಷ್ಟವೆಂದರೆ, ಕೊರಳಲ್ಲಿ ತೂಗಿ ತೂಗಿ ಎದೆಗೆ ಉಜ್ಜಿ ಸವೆಯುವುದು ಆ ಹಿಂಬದಿಯೇ. ಅಕ್ಷರ ಮಾಸಿದ್ದರೂ ಅಂಚಿನಲ್ಲಿ ಆ ಬಯಲಿನ ಚುಕ್ಕೆಗಳು ಉಳಿದಿದ್ದರೆ ಅದು ಹೈದರನದೆಂದು ನಾನು ಊಹಿಸುತ್ತೇನೆ. ಅಂಥದ್ದನ್ನು ಕರಗಿಸಿ ಹೊಸ ಬಳೆ ಮಾಡಿಸುತ್ತೇವೆ ಎನ್ನುವವರಿಗೆ, ಸರದ ಉಳಿದ ಗುಂಡುಗಳನ್ನು ಕರಗಿಸಿ, ವರಹವನ್ನು ಬಿಡಿಸಿ ಮನೆಯಲ್ಲೇ ಇಟ್ಟುಕೊಳ್ಳಿ ಎನ್ನುತ್ತೇನೆ. ಕೊಂಡಿಯನ್ನೂ ಕೀಳಬೇಡಿ, ಬೆಸುಗೆ ಬಿಡಿಸುವ ಬಿಸಿಗೆ ಶಿವನ ತಲೆಯ ಗೆರೆಗಳು ಹಾಳಾಗಬಹುದು.