80 ಮೀಟರ್ ರೋಬೊ ಬೀಳೋಕೆ ಎಷ್ಟು ಹೊತ್ತು ಬೇಕು?

ಮೊದಲು ಒಂದು ಸಿನಿಮಾ ಲೆಕ್ಕ. 80 ಮೀಟರ್ ಎತ್ತರದ ರೋಬೊ ಅಂದರೆ ಬೆಂಗಳೂರಿನ ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗ್‌ನ ಮುಕ್ಕಾಲು ಎತ್ತರ. ಅದರ ತಲೆಯ ಮೇಲಿಂದ ಒಂದು ಕಲ್ಲು ಕೈಬಿಟ್ಟರೆ ನೆಲ ಮುಟ್ಟಲು 4 ಸೆಕೆಂಡ್ ಹಿಡಿಯುತ್ತದೆ. ಸೆಕೆಂಡಿಗೆ 24 ಫ್ರೇಮಿನ ಲೆಕ್ಕದಲ್ಲಿ ಸುಮಾರು 97 ಫ್ರೇಮು. ರೋಬೊ ಕಲ್ಲಿನಂತೆ ನೇರ ಉದುರುವುದೂ ಇಲ್ಲ, ತೆಂಗಿನ ಮರದ ಹಾಗೆ ಬುಡದಿಂದ ವಾಲಿ ಬೀಳುತ್ತದೆ, ಅದಕ್ಕೆ ಇನ್ನೂ ಹೊತ್ತು ಬೇಕು. ತೆರೆಯ ಮೇಲೆ ಅದು ಒಂದೂವರೆ ಸೆಕೆಂಡಿನಲ್ಲಿ ಮಗುಚಿಕೊಂಡರೆ, ಎಷ್ಟೇ ಧೂಳೆಬ್ಬಿಸಿ, ಎಷ್ಟೇ ಕಾರು ಹಾರಿಸಿ, ಕಣ್ಣು ಒಪ್ಪುವುದಿಲ್ಲ. ನೋಡುವವರಿಗೆ ಸೂತ್ರ ಗೊತ್ತಿರಬೇಕಾಗಿಲ್ಲ. ಕೈಜಾರಿದ ಲೋಟದಿಂದ ಹಿಡಿದು ಎಲ್ಲ ಬೀಳುವುದನ್ನೂ ನೋಡಿಕೊಂಡೇ ಬೆಳೆದ ಕಣ್ಣು ಅದು. ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ಕ್ಯೂನಲ್ಲಿ ‘ಗ್ರಾಫಿಕ್ಸ್ ಯಾಕೋ ಆಟದ ಸಾಮಾನಿನ ಥರ ಇದೆ ಕಣೋ’ ಅನ್ನುವ ಮಾತು ಕೇಳಿಬರುತ್ತದಲ್ಲ, ಬಹಳ ಸಲ ಅದರ ಹಿಂದಿರುವುದು ಇದೇ. ತುಕ್ಕು, ಗೀರು, ಎಣ್ಣೆಕಲೆ ಎಲ್ಲ ಸರಿಯಾಗಿಯೇ ಇರುತ್ತದೆ. ತೂಕ ಮಾತ್ರ ಇರುವುದಿಲ್ಲ.

ಇತ್ತೀಚಿನ ಸೈ-ಫೈ ಆಕ್ಷನ್ ಚಿತ್ರಗಳು ಗೆದ್ದಿದ್ದರೂ ಸೋತಿದ್ದರೂ ಈ ತೂಕದ ಮೇಲೆಯೇ ಅನ್ನುವುದು ನನ್ನ ವಾದ. ‘ವಿಜ್ಞಾನ ತಪ್ಪಾಗಿದೆ’ ಅಂತ ಬೈಯುವವರು ಬಹಳ. ಆದರೆ ಬಾಹ್ಯಾಕಾಶದಲ್ಲಿ ಸದ್ದು ಕೇಳಿದ್ದಕ್ಕೆ ಯಾವ ಚಿತ್ರವೂ ಮುಳುಗಿಲ್ಲ.

‘ಪೆಸಿಫಿಕ್ ರಿಮ್’ (2013) ನೋಡಿ. ಅದರ ಯಂತ್ರಗಳು ಒಂದು ಗುದ್ದು ಕೊಡಬೇಕಾದರೆ ಮೊದಲು ಭುಜ ಹಿಂದಕ್ಕೆ ಹೋಗುತ್ತದೆ, ಸೊಂಟ ತಿರುಗುತ್ತದೆ, ಆಮೇಲೆ ತೋಳು ಬರುತ್ತದೆ, ಮೈಮೇಲಿನ ನೀರು ಹಿಂದೆ ಬೀಳುತ್ತದೆ. 2018ರ ಎರಡನೇ ಭಾಗದಲ್ಲಿ ಅಂಥವೇ ಯಂತ್ರಗಳು ಹಗಲು ಬೆಳಕಿನಲ್ಲಿ ಜಿಮ್ನಾಸ್ಟ್‌ಗಳಂತೆ ಕುಪ್ಪಳಿಸಿದವು. ವೇಗ ಹೆಚ್ಚಾಯಿತು, ಗಾತ್ರ ಕುಗ್ಗಿತು. ಪುಟ್ಟ ಮಾದರಿ ಕಟ್ಟಿ ಚಿತ್ರೀಕರಿಸುತ್ತಿದ್ದ ಹಳೆಯ ಮಿನಿಯೇಚರ್ ಕೆಲಸಗಾರರಿಗೆ ಈ ಲೆಕ್ಕ ಬಾಯಿಪಾಠ: ಮಾದರಿ ನಾಲ್ಕನೇ ಒಂದರಷ್ಟಿದ್ದರೆ ಕ್ಯಾಮೆರಾ ಎರಡು ಪಟ್ಟು ವೇಗದಲ್ಲಿ, ಅಂದರೆ 48 ಫ್ರೇಮಿನಲ್ಲಿ ಓಡಬೇಕು, ಹದಿನಾರನೇ ಒಂದರಷ್ಟಿದ್ದರೆ ನಾಲ್ಕು ಪಟ್ಟು, 96. ಗಾತ್ರದ ವರ್ಗಮೂಲದಷ್ಟು ಕಾಲ ಹಿಗ್ಗುತ್ತದೆ. ಮಾದರಿ ಕಣ್ಣೆದುರೇ ಇದ್ದಾಗ ಈ ನಿಯಮ ಮುರಿಯುವುದು ಕಷ್ಟವಿತ್ತು. ಕಂಪ್ಯೂಟರಿನಲ್ಲಿ ಒಂದು ಸ್ಲೈಡರ್ ಎಳೆದರೆ ಮುಗಿಯಿತು.

ತೂಕ ಅಂದರೇನು ಅಂತ ನೋಡಬೇಕಿದ್ದರೆ ಯಾವುದಾದರೂ ಜಾತ್ರೆಯಲ್ಲಿ ತೇರು ಹೊರಡುವ ಮೊದಲ ಐದು ಸೆಕೆಂಡ್ ಗಮನಿಸಿ. ಹಗ್ಗ ಮೊದಲು ಬಿಗಿಯುತ್ತದೆ. ಎಳೆಯುವವರ ಕಾಲು ಮಣ್ಣಿನಲ್ಲಿ ಜಾರುತ್ತದೆ. ತೇರು ಅಲ್ಲಾಡುವುದಿಲ್ಲ. ಆಮೇಲೆ ಎಲ್ಲೋ ಒಳಗೆ ಕಿರ್‍ರೆನ್ನುತ್ತದೆ, ಗಾಲಿ ಅರ್ಧ ಗೇಣು ಉರುಳುತ್ತದೆ, ಅಷ್ಟಾದ ಮೇಲೆ ಮೇಲಿನ ಬಾವುಟಗಳು ಹಿಂದಕ್ಕೆ ವಾಲುತ್ತವೆ. ನಿಲ್ಲುವಾಗ ಇದೆಲ್ಲ ತಿರುಗುಮುರುಗು: ಗಾಲಿ ನಿಂತರೂ ಶಿಖರ ಒಂದೆರಡು ಸಲ ತೂಗಿಯೇ ಸುಮ್ಮನಾಗುವುದು. ಈ ತಡ, ಈ ತೂಗಾಟ ಎರಡನ್ನೂ ಕತ್ತರಿಸಿ ಹಾಕಿದರೆ ತೇರು ರಟ್ಟಿನ ಡಬ್ಬ. ಅವಸರದ ಆಕ್ಷನ್ ದೃಶ್ಯಗಳಲ್ಲಿ ಮೊದಲು ಕತ್ತರಿ ಬೀಳುವುದು ಇವುಗಳ ಮೇಲೆಯೇ, ಯಾಕೆಂದರೆ ಎಡಿಟಿಂಗ್ ಟೇಬಲ್ ಮೇಲೆ ಅವು ‘ಏನೂ ನಡೆಯದ’ ಫ್ರೇಮುಗಳಾಗಿ ಕಾಣುತ್ತವೆ.

ಮನುಷ್ಯರ ವಿಷಯದಲ್ಲೂ ಇದೇ ಗೋಳು. ಕಬ್ಬಿಣದ ಸೂಟು ತೊಟ್ಟ ನಾಯಕ ಹತ್ತು ಮಹಡಿ, ಅಂದರೆ ಸುಮಾರು 30 ಮೀಟರ್ ಮೇಲಿಂದ ಜಿಗಿದು ಒಂದು ಮಂಡಿಯೂರಿ ಇಳಿಯುತ್ತಾನೆ. ಟಾರು ಬಿರುಕು ಬಿಡುತ್ತದೆ, ಶಿಳ್ಳೆ. ನೆಲ ತಾಕುವಾಗ ವೇಗ ಗಂಟೆಗೆ 87 ಕಿ.ಮೀ. ಒಳಗಿನ ದೇಹ 10 ಸೆಂಟಿಮೀಟರಿನಲ್ಲಿ ನಿಂತಿತು ಅಂದುಕೊಂಡರೆ ಬೀಳುವ ಹೊಡೆತ 300 ಜಿ, ಅಂದರೆ ಭೂಮಿಯ ಸೆಳೆತದ ಮುನ್ನೂರು ಪಟ್ಟು. 1954ರಲ್ಲಿ ರಾಕೆಟ್ ಸ್ಲೆಡ್ (ಹಳಿಯ ಮೇಲೆ ರಾಕೆಟ್‌ನಿಂದ ಓಡುವ ಬಂಡಿ) ಮೇಲೆ ಕೂತ ಅಮೆರಿಕದ ವಾಯುಪಡೆಯ ವೈದ್ಯ ಜಾನ್ ಸ್ಟ್ಯಾಪ್ ಸಹಿಸಿದ್ದು 46 ಜಿ ಚಿಲ್ಲರೆ, ಅಷ್ಟಕ್ಕೇ ಕಣ್ಣಿನ ರಕ್ತನಾಳ ಒಡೆದಿದ್ದವು. ಸೂಟು ಎಷ್ಟು ಗಟ್ಟಿಯೋ ಒಳಗಿರುವವನಿಗೆ ಅಷ್ಟು ಅಪಾಯ, ಡಬ್ಬಿಯೊಳಗಿನ ಮೊಟ್ಟೆಯ ಕಥೆ. ಇದನ್ನು ಸಿನಿಮಾ ಲೆಕ್ಕ ಹಾಕಿ ತೋರಿಸಬೇಕಿಲ್ಲ. ಎದ್ದು ನಿಲ್ಲುವಾಗ ಒಂದು ಉಸಿರು ಕಟ್ಟಲಿ, ಕಾಲು ಒಂಚೂರು ತಡವರಿಸಲಿ, ಸಾಕು. ‘ಎಡ್ಜ್ ಆಫ್ ಟುಮಾರೋ’ (2014) ಇವತ್ತಿಗೂ ಹಳತಾಗದಿರಲು ಇದೊಂದು ಕಾರಣ: ನಟರು ಹೊತ್ತ ಸೂಟುಗಳು ನಿಜವಾದವು, ಸುಮಾರು 38 ಕಿಲೋ ತೂಗುತ್ತಿದ್ದವು. ಮರಳಿನಲ್ಲಿ ಓಡುವಾಗ ಬರುವ ಏದುಸಿರು ಅಭಿನಯವಲ್ಲ.

ಹಾಗಾದರೆ ಕೋಟಿಗಟ್ಟಲೆ ಸುರಿದೂ ತಪ್ಪುವುದೆಲ್ಲಿ? ಹೆಚ್ಚಿನ ಸಲ ತೀರ್ಮಾನ ತಡವಾಗುವುದರಲ್ಲಿ. ರಾಕ್ಷಸನ ಮುಖ ಹೇಗಿರಬೇಕು ಅಂತ ಗೊತ್ತಿಲ್ಲದೆಯೇ ನಟನನ್ನು ಹಸಿರು ಪರದೆಯ ಮುಂದೆ ನಿಲ್ಲಿಸಿ ಶೂಟ್ ಮಾಡುತ್ತಾರೆ. ಬಿಡುಗಡೆಗೆ ಎರಡು ತಿಂಗಳಿರುವಾಗ ಕ್ಲೈಮ್ಯಾಕ್ಸ್ ಬದಲಾಗುತ್ತದೆ. ಎಲೆ ಹಾಕಿ ಪಂಕ್ತಿ ಕೂತ ಮೇಲೆ ಅಡುಗೆ ಬದಲಿಸಿದ ಹಾಗೆ. ಇದರ ಬಿಸಿ ತಟ್ಟುವ ಜಾಗಗಳಲ್ಲಿ ನಮ್ಮೂರೂ ಒಂದು. ರೋಟೊ, ಪೇಂಟ್, ಮ್ಯಾಚ್‌ಮೂವ್ ಅನ್ನುವ ಕಣ್ಣಿಗೆ ಕಾಣದ ಕೆಲಸ, ಅಂದರೆ ನಟನ ಅಂಚನ್ನು ಫ್ರೇಮು ಫ್ರೇಮಿಗೂ ಗೆರೆ ಎಳೆದು ಬಿಡಿಸುವುದು, ತಂತಿ ಅಳಿಸುವುದು, ಕ್ಯಾಮೆರಾ ಓಡಾಡಿದ ದಾರಿಯನ್ನು ಲೆಕ್ಕ ಹಾಕಿ ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುವುದು, ಬೆಂಗಳೂರಿನಲ್ಲಿ ವರ್ಷಗಳಿಂದ ನಡೆದಿದೆ. ಆಸ್ಕರ್ ಗೆದ್ದ ‘ದಿ ಜಂಗಲ್ ಬುಕ್’ (2016) ಕೆಲಸದಲ್ಲೂ ಇಲ್ಲಿಯವರ ಕೈ ಇತ್ತು. ಕೊನೆಯ ಹೆಸರುಗಳು ಓಡುವಾಗ ಎದ್ದು ಹೋಗದೆ ಕೂತರೆ ಗೌಡ, ಶೆಟ್ಟಿ, ಮೂರ್ತಿಗಳು ಸಿಗುತ್ತಾರೆ. ಶಾಟ್ ಬದಲಾದರೆ ರೋಟೊ ಮೊದಲಿನಿಂದ. 2025ರ ಫೆಬ್ರುವರಿಯಲ್ಲಿ ಇಂಥ ಗ್ರಾಫಿಕ್ಸ್ ಕೆಲಸದ ಟೆಕ್ನಿಕಲರ್ ಸಮೂಹ ಕುಸಿದಾಗ ಇಲ್ಲಿನ ಸ್ಟುಡಿಯೊದ ಬಾಗಿಲೂ ಮುಚ್ಚಿತು. ಕುಸಿತಕ್ಕೆ ಕಾರಣ ಹಲವು, ಆದರೆ ಈ ಉದ್ಯಮದಲ್ಲಿ ಲಾಭದ ಅಂಚು ಎಷ್ಟು ತೆಳು ಅನ್ನುವುದು ಆಗ ಹೊರಗಿನವರಿಗೂ ಗೊತ್ತಾಯಿತು.

ಇದಕ್ಕೆ ತದ್ವಿರುದ್ಧ ಕೆಲಸ ಮಾಡಿದವರು ಇಬ್ಬರು. ಗ್ಯಾರೆತ್ ಎಡ್ವರ್ಡ್ಸ್ ‘ದಿ ಕ್ರಿಯೇಟರ್’ (2023) ಚಿತ್ರವನ್ನು ಸೋನಿ ಎಫ್‌ಎಕ್ಸ್3 ಅನ್ನುವ, ಮದುವೆ ಶೂಟ್ ಮಾಡುವವರೂ ಕೊಳ್ಳಬಹುದಾದ ಪುಟ್ಟ ಕ್ಯಾಮೆರಾದಲ್ಲಿ, ಥಾಯ್ಲೆಂಡ್‌ನಂಥ ನಿಜವಾದ ಜಾಗಗಳಿಗೇ ಹೋಗಿ ಚಿತ್ರೀಕರಿಸಿದರು. ಮೊದಲು ಎಡಿಟ್, ಆಮೇಲೆ ಉಳಿದ ಫ್ರೇಮುಗಳ ಮೇಲೆ ಮಾತ್ರ ವಿನ್ಯಾಸ. ಜನಸಂದಣಿಯಲ್ಲಿ ಯಾರು ರೋಬೊ ಅನ್ನುವುದೂ ಆಮೇಲೆಯೇ ತೀರ್ಮಾನ, ಆದರೆ ಆ ಹೊತ್ತಿಗೆ ಶಾಟು ಬದಲಾಗುವ ಭಯವಿಲ್ಲ. 8 ಕೋಟಿ ಡಾಲರಿನಲ್ಲಿ ಅದರ ಎರಡು ಮೂರು ಪಟ್ಟು ಖರ್ಚಿನ ಚಿತ್ರಗಳನ್ನು ನಾಚಿಸುವ ದೃಶ್ಯಗಳು ಬಂದವು. ಕಥೆ ಮಾತ್ರ ಸೊರಗಿತು: ಯಂತ್ರಗಳಿಗೆ ನೋವಿದೆಯೇ ಅನ್ನುವ ಪ್ರಶ್ನೆ ಎತ್ತಿ, ಅವನ್ನು ಮನುಷ್ಯರ ಹಾಗೇ ಅಳಿಸಿ, ಪ್ರಶ್ನೆಯನ್ನೇ ಸುಲಭ ಮಾಡಿಬಿಟ್ಟಿತು.

ಇನ್ನೊಬ್ಬರು ‘ಗಾಡ್ಜಿಲ್ಲಾ ಮೈನಸ್ ಒನ್’ (2023) ಮಾಡಿದ ತಕಾಶಿ ಯಮಜಾಕಿ. 35 ಕಲಾವಿದರು, 610 ಶಾಟು, ಒಂದೂವರೆ ಕೋಟಿ ಡಾಲರಿಗಿಂತ ಕಡಿಮೆ ಬಜೆಟ್, ಕೊನೆಗೆ ಆಸ್ಕರ್. ಗುಟ್ಟೇನೂ ಇಲ್ಲ: ನಿರ್ದೇಶಕರೇ ವಿಎಫ್‌ಎಕ್ಸ್ (ಗ್ರಾಫಿಕ್ಸ್ ಕೆಲಸದ) ಮೇಲ್ವಿಚಾರಕ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯಲು ಅಲ್ಲಿ ಎರಡು ಪ್ರಾಣಿಗಳೇ ಇರಲಿಲ್ಲ. ಆದರೆ ನನಗೆ ಆ ಚಿತ್ರದಲ್ಲಿ ಹೆಚ್ಚು ಹಿಡಿಸುವುದು ಕೊನೆಯ ಕಾರ್ಯಾಚರಣೆ. ಫ್ರಿಯಾನ್ ಅನಿಲದ ಗುಳ್ಳೆಗಳಿಂದ ಗಾಡ್ಜಿಲ್ಲಾ ಅನ್ನುವ ದೈತ್ಯ ಪ್ರಾಣಿಯ ಸುತ್ತಲಿನ ನೀರಿನ ತೇಲಿಸುವ ಶಕ್ತಿ ತೆಗೆದು 1500 ಮೀಟರ್ ಆಳಕ್ಕೆ ಮುಳುಗಿಸುವುದು. ಸಾಯದಿದ್ದರೆ ಗಾಳಿಚೀಲ ಉಬ್ಬಿಸಿ ಸರ್ರನೆ ಮೇಲೆತ್ತಿ ಒತ್ತಡದ ಏರುಪೇರಿನಿಂದ ಕೊಲ್ಲುವುದು. ಇದಿಷ್ಟನ್ನೂ ಒಂದು ಹಾಲಿನಲ್ಲಿ ಜನರನ್ನು ಕೂರಿಸಿ ಮೊದಲೇ ಹೇಳುತ್ತಾರೆ. ಆಮೇಲೆ ಸಮುದ್ರದಲ್ಲಿ ಏನು ಕೈಕೊಟ್ಟಿತು ಅಂತ ನಮಗೆ ಯಾರೂ ಕೂಗಿ ಹೇಳಬೇಕಾಗಿಲ್ಲ.

ನಿಯಮ ಮೊದಲು, ಮುರಿಯುವುದು ಆಮೇಲೆ. ಈ ಸರಳ ಕ್ರಮ ತಪ್ಪಿದ್ದರಿಂದಲೇ ಬಹುಲೋಕ, ಸಮಾನಾಂತರ ಕಾಲ ಅಂತ ಬಂದ ಎಷ್ಟೋ ಚಿತ್ರಗಳಲ್ಲಿ ಸಾವಿಗೂ ಬೆಲೆಯಿಲ್ಲ. ಸತ್ತವನು ಪಕ್ಕದ ಲೋಕದಿಂದ ಬಂದೇ ಬರುತ್ತಾನೆ. ‘ಎಡ್ಜ್ ಆಫ್ ಟುಮಾರೋ’ದಲ್ಲೂ ನಾಯಕ ಸತ್ತು ಸತ್ತು ಬರುತ್ತಾನೆ, ಆದರೆ ಬೇರೆಯವರ ರಕ್ತ ಮೈಗೆ ಹೋದರೆ ಆ ಶಕ್ತಿ ಹೋಯಿತು ಅನ್ನುವ ಒಂದು ಗೆರೆ ಇದೆ. ಆ ಗೆರೆ ದಾಟಿದ ಕ್ಷಣದಿಂದ ಪ್ರತಿ ಗುಂಡಿಗೂ ನಾವು ಬೆದರುತ್ತೇವೆ. ಆಕ್ಷನ್ ಅಲ್ಲದಿದ್ದರೂ ನಮ್ಮ ‘ಬ್ಲಿಂಕ್’ (2024) ಕಾಲಯಾನವನ್ನು ಕಣ್ಣು ಮಿಟುಕಿಸುವುದಕ್ಕೆ ಕಟ್ಟಿಹಾಕಿದ್ದು ಇದೇ ಜಾಣತನ, ದುಡ್ಡೂ ಬೇಕಾಗಲಿಲ್ಲ. ‘ಕಲ್ಕಿ 2898 ಎಡಿ’ (2024) ಚಿತ್ರದಲ್ಲಿ ಅಶ್ವತ್ಥಾಮನ ಹೊಡೆದಾಟಗಳು ಮನಸ್ಸಿನಲ್ಲಿ ನಿಲ್ಲುತ್ತವೆ. ಆ ಎತ್ತರ, ಆ ನಿಧಾನ, ಸಾಯಲಾರದವನ ದಣಿವು ಅಮಿತಾಭ್ ಮೈಯಲ್ಲಿದೆ. ಶಾಪವೇ ಅವನ ನಿಯಮ, ಅದು ನಮಗೆ ಅಜ್ಜಿಕಥೆಯಿಂದಲೇ ಗೊತ್ತು. ಸುಮಾರು 6 ಟನ್ನಿನ ಬುಜ್ಜಿ ಕಾರನ್ನು ನಿಜವಾಗಿ ಕಟ್ಟಿ ಓಡಿಸಿದ್ದೂ ತೆರೆಯಲ್ಲಿ ಕಾಣುತ್ತದೆ. ಆದರೆ ಯಾವ ಆಯುಧ ಯಾರಿಗೆ ಎಷ್ಟು ನಾಟುತ್ತದೆ ಅನ್ನುವುದು ದೃಶ್ಯದಿಂದ ದೃಶ್ಯಕ್ಕೆ ಬದಲಾಗಿ, ಮೊದಲರ್ಧದ ಹಾಸ್ಯ ಗಂಟೆಗಟ್ಟಲೆ ಎಳೆದು, ಮೂರು ಗಂಟೆ ನಿಜಕ್ಕೂ ಮೂರು ಗಂಟೆಯಾಗುತ್ತದೆ.

ಇನ್ನು ಕತ್ತರಿಯ, ಅಂದರೆ ಎಡಿಟಿಂಗ್‌ನ ವಿಷಯ. ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ (2015) ಎರಡು ಗಂಟೆಯ ಚಿತ್ರ, ಕಟ್‌ಗಳು ಸುಮಾರು 2700. ಸರಾಸರಿ ಒಂದು ಶಾಟ್ ಎರಡೂಮುಕ್ಕಾಲು ಸೆಕೆಂಡೂ ಇಲ್ಲ. ಆದರೂ ತಲೆ ಸುತ್ತದಿರಲು ಕಾರಣ, ನೋಡಬೇಕಾದ್ದನ್ನು ಪ್ರತಿ ಶಾಟಿನಲ್ಲೂ ಫ್ರೇಮಿನ ನಡುವಿಗೇ ಇಟ್ಟಿದ್ದು. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳಲು ಸೆಕೆಂಡಿನ ಐದನೇ ಒಂದು ಭಾಗ, ಸುಮಾರು 5 ಫ್ರೇಮು ಬೇಕು. ಒಂದು ಸೆಕೆಂಡಿನ ಶಾಟುಗಳಲ್ಲಿ ನಾಯಕ ಒಮ್ಮೆ ಎಡತುದಿ, ಒಮ್ಮೆ ಬಲತುದಿ ಆದರೆ ಪ್ರತಿ ಸಲವೂ ಐದರಲ್ಲಿ ಒಂದು ಪಾಲು ನಾವು ಅವನನ್ನು ಹುಡುಕುವುದರಲ್ಲೇ ಕಳೆಯುತ್ತೇವೆ. ಅದೇ ಸರಣಿಯ ‘ಫ್ಯೂರಿಯೋಸಾ’ದಲ್ಲಿ (2024) ಟ್ಯಾಂಕರ್ ಮೇಲಿನ 15 ನಿಮಿಷದ ದಾಳಿಗೆ 78 ದಿನ ಚಿತ್ರೀಕರಣ ನಡೆಯಿತು, ಅಷ್ಟೂ ದಿನ ತೆರೆಯ ಮೇಲಿದೆ. ಉಳಿದ ಕಡೆ ಹಿನ್ನೆಲೆಯ ಗ್ರಾಫಿಕ್ಸ್ ಹಿಂದಿನ ಚಿತ್ರಕ್ಕಿಂತ ಎದ್ದು ಕಾಣುತ್ತದೆ ಅನ್ನುವ ದೂರು ನ್ಯಾಯವಾದದ್ದೇ.

ಹಿನ್ನೆಲೆಯನ್ನು ದೊಡ್ಡ ಎಲ್‌ಇಡಿ ಗೋಡೆಯ ಮೇಲೆ ಮೂಡಿಸುವ ಸ್ಟುಡಿಯೊಗಳಲ್ಲಿ ತೆಗೆದ ದೃಶ್ಯಗಳನ್ನು ಗುರುತಿಸುವುದು ಸುಲಭ. 2019ರಲ್ಲಿ ಇದನ್ನು ಹೆಸರುವಾಸಿ ಮಾಡಿದ ‘ಮ್ಯಾಂಡಲೋರಿಯನ್’ ಸರಣಿಯ ಮಂಟಪದ ಅಡ್ಡಳತೆ ಸುಮಾರು 23 ಮೀಟರ್. ಶಿರಸ್ತ್ರಾಣದಲ್ಲಿ ಆಕಾಶ ಸೊಗಸಾಗಿ ಪ್ರತಿಫಲಿಸುತ್ತದೆ. ಆದರೆ ಪಾತ್ರಗಳು ನಾಲ್ಕು ಹೆಜ್ಜೆ ಬಂದು ನಿಂತು ಮಾತಾಡುತ್ತವೆ, ಯಾರೂ ದೂರ ಓಡುವುದಿಲ್ಲ, ನೆಲ ಚಪ್ಪಟೆ, ಮಟಮಟ ಮಧ್ಯಾಹ್ನದ ಗಡಸು ನೆರಳು ಸಿಗುವುದು ಕಷ್ಟ. ‘ಡ್ಯೂನ್’ ತಂಡ ಇದಕ್ಕೆ ಇನ್ನೊಂದು ದಾರಿ ಹಿಡಿಯಿತು. ನೀಲಿ ಪರದೆಯ ಬದಲು ಮರಳಿನ ಬಣ್ಣದ ಪರದೆ, ಹಾಗಾಗಿ ಮುಖದ ಮೇಲೆ ಬೀಳುವ ಬೆಳಕೂ ಮರಳಿನದೇ. ಎರಡನೇ ಭಾಗದ (2024) ಕಪ್ಪು ಸೂರ್ಯನ ಅಖಾಡವನ್ನು ಇನ್‌ಫ್ರಾರೆಡ್‌ಗೆ ಮಾರ್ಪಡಿಸಿದ ಕ್ಯಾಮೆರಾದಲ್ಲಿ ತೆಗೆದರು, ಚರ್ಮ ಅಮೃತಶಿಲೆಯ ಹಾಗೆ ಕಾಣುತ್ತದೆ. ಇನ್‌ಫ್ರಾರೆಡ್‌ನಲ್ಲಿ ಎಷ್ಟೋ ಕಪ್ಪು ಬಟ್ಟೆಗಳು ಬೆಳ್ಳಗಾಗಿಬಿಡುವುದರಿಂದ ಇಂಥ ಕಡೆ ಬಟ್ಟೆಯನ್ನೂ ಮೊದಲೇ ಪರೀಕ್ಷಿಸಬೇಕು. ಅಷ್ಟೆಲ್ಲ ಮಾಡಿದವರು ಕೊನೆಯ ಮಹಾಯುದ್ಧವನ್ನು ಮಾತ್ರ ಅವಸರದಲ್ಲಿ ಮುಗಿಸಿದರು. ಮರಳಿನ ದೈತ್ಯ ಹುಳುಗಳು ಬಂದವು, ಸೇನೆ ಹೋಯಿತು.

ಇನ್ನು ನೋಡುವ ಜಾಗ. ಬೆಂಗಳೂರಿನ ಮಾಲ್‌ಗಳ ಐಮ್ಯಾಕ್ಸ್ ಪರದೆಗಳ ಅಗಲ-ಎತ್ತರದ ಅನುಪಾತ 1.90:1. ಡ್ಯೂನ್ ಎರಡನೇ ಭಾಗದಂತೆ ಐಮ್ಯಾಕ್ಸ್‌ಗೆಂದೇ ತೆಗೆದದ್ದಾದರೆ ಸಾಮಾನ್ಯ 2.39ಕ್ಕಿಂತ ಸುಮಾರು 26% ಹೆಚ್ಚು ಚಿತ್ರ ಸಿಗುತ್ತದೆ, ಟಿಕೆಟ್ ದುಡ್ಡಿಗೆ ಮೋಸವಿಲ್ಲ. ಫ್ಯೂರಿಯೋಸಾದಂಥ 2.39ರ ಚಿತ್ರಕ್ಕೆ ಅದೇ ಪರದೆಯಲ್ಲಿ ಮೇಲೆ ಕೆಳಗೆ ಸೇರಿ ಐದರಲ್ಲಿ ಒಂದು ಪಾಲು ಕಪ್ಪು. ‘ದಿ ಕ್ರಿಯೇಟರ್’ 2.76ರದು, ಅಂದರೆ ಸುಮಾರು 31% ಕಪ್ಪು. ಅದಕ್ಕೆ ಲಾಲ್‌ಬಾಗ್ ರಸ್ತೆಯ ಊರ್ವಶಿಯಂಥ ಅಗಲ ಪರದೆಯ ಟಾಕೀಸೇ ವಾಸಿ. 3ಡಿ ಆದರೆ ರಾತ್ರಿ ದೃಶ್ಯಗಳು ಹೆಚ್ಚಿದೆಯೇ ವಿಚಾರಿಸಿ: 2ಡಿಯಲ್ಲಿ ಪರದೆಗೆ 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪಿನ ಅಳತೆ) ಬೆಳಕು ಇರಬೇಕು, ಕನ್ನಡಕ ದಾಟಿ ಕಣ್ಣಿಗೆ ಅದರ ಮೂರನೇ ಒಂದು ಭಾಗ ಸಿಕ್ಕರೆ ಪುಣ್ಯ.

‘ಟೆನೆಟ್’ (2020) ಬಂದಾಗಿನಿಂದ ಮಾತು ಕೇಳಿಸುವುದಿಲ್ಲ ಅನ್ನುವ ದೂರು ಸಾಮಾನ್ಯವಾಗಿದೆ. ಆ ಚಿತ್ರದಲ್ಲಿ ಅದು ನಿರ್ದೇಶಕರ ಆಯ್ಕೆ. ಆದರೆ ಎಷ್ಟೋ ಸಲ ತಪ್ಪು ಪ್ರೊಜೆಕ್ಷನ್ ಕೋಣೆಯದು. ಚಿತ್ರದ ಧ್ವನಿ ಮಿಕ್ಸ್ ಆಗುವುದು ಡಾಲ್ಬಿ ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಗುಂಡಿ, 7ರಲ್ಲಿದ್ದಾಗ. ಜೋರಾಯಿತು ಅಂತ ಯಾರೋ ಗೊಣಗಿದ್ದಕ್ಕೆ ಅದನ್ನು 5.5ಕ್ಕೆ ಇಳಿಸಿಟ್ಟರೆ 5 ಡೆಸಿಬಲ್ ಕಡಿಮೆ. ಸ್ಫೋಟ ಹೇಗೋ ಕೇಳುತ್ತದೆ, ಪಿಸುಮಾತು ಎಸಿ ಸದ್ದಿನಲ್ಲಿ ಮುಳುಗುತ್ತದೆ. ‘ಸೌಂಡ್ ಸರಿಯಿಲ್ಲ’ ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ‘ಫೇಡರ್ ಎಷ್ಟರಲ್ಲಿಟ್ಟಿದ್ದೀರಿ?’ ಅಂತ ಕೇಳಿ. ಇಂಟರ್ವಲ್‌ನಲ್ಲಿ ಕೇಳಿದರೆ ದ್ವಿತೀಯಾರ್ಧದ ಮಾತಾದರೂ ಕೇಳಿಸುತ್ತದೆ.