ದೆವ್ವ ಕಂಡಿತಾ?

ಮದುವೆಮನೆಯ ಪಂಕ್ತಿಯಲ್ಲಿ ಕೂತಿರಲಿ, ಆಫೀಸಿನಲ್ಲಿ ಕಾಫಿ ಕುಡಿಯುತ್ತಿರಲಿ, ನಾನು ಎಲ್ಲೆಲ್ಲಿ ಸುತ್ತಿ ಬಂದಿದ್ದೇನೆ ಅಂತ ಗೊತ್ತಿರುವವರು ಕೇಳುವುದು ಒಂದೇ. ನಮ್ಮ ಸೋದರತ್ತೆಯ ಧಾಟಿಯಲ್ಲಿ ಹೇಳುವುದಾದರೆ: "ಅಲ್ಲ ಕಣೇ, ದುಡ್ಡು ಸುರಿದು ದೆವ್ವ ಇರೋ ಜಾಗಕ್ಕೇ ಹುಡುಕ್ಕೊಂಡು ಹೋಗ್ತೀಯಲ್ಲ, ಒಂದಾದ್ರೂ ಕಂಡಿತಾ?"

ಇಲ್ಲ. ಒಂದೂ ಕಾಣಲಿಲ್ಲ.

ಹೆದರಿಕೆ ಆಯ್ತಾ ಅಂದರೆ, ಆಗಿದೆ. ರಾತ್ರಿ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದು ಮಲಗಿದ ಮಕ್ಕಳಲ್ಲಿ ನಾನೂ ಒಬ್ಬಳು, ಧೈರ್ಯಸ್ಥೆ ಏನಲ್ಲ. ಆದರೆ ದೆವ್ವದ ಹೆಸರು ಜೋರಾಗಿ ಕೇಳಿಬರುವ ಜಾಗಗಳಲ್ಲಿ ನನಗೆ ಅಷ್ಟೇನೂ ಭಯವಾಗಲಿಲ್ಲ.

ಭಾನಗಢವನ್ನೇ ತಗೊಳ್ಳಿ. ರಾಜಸ್ಥಾನದ ಈ ಪಾಳುಕೋಟೆಗೆ ಮಾಂತ್ರಿಕನ ಶಾಪ ತಟ್ಟಿದೆ ಅಂತ ಕಥೆ. ಸೂರ್ಯ ಮುಳುಗಿದ ಮೇಲೆ ಒಳಗೆ ಯಾರೂ ಇರಬಾರದು ಅಂತ ಪುರಾತತ್ವ ಇಲಾಖೆಯ ಬೋರ್ಡೇ ಇದೆ. "ನೋಡಿ, ಸರ್ಕಾರವೇ ಒಪ್ಪಿಕೊಂಡಿದೆ" ಅನ್ನುವವರಿಗೆ ಆ ಬೋರ್ಡೇ ಸಾಕ್ಷಿ. ಆದರೆ ಪಕ್ಕದಲ್ಲೇ ಸರಿಸ್ಕಾ ಹುಲಿ ಅಭಯಾರಣ್ಯ. ಕತ್ತಲಾದ ಮೇಲೆ ಅಂಥ ಕಡೆ ಸುತ್ತಾಡಬೇಡಿ ಅನ್ನುವುದಕ್ಕೆ ದೆವ್ವವೇ ಬೇಕಾ? ನಾನು ಹೋಗಿದ್ದು ಮಧ್ಯಾಹ್ನ. ಕೋತಿಯೊಂದು ನನ್ನ ಬಿಸ್ಕತ್ತಿನ ಪೊಟ್ಟಣ ಕಿತ್ತುಕೊಂಡು ಹೋಯಿತು. ಕಾಟ ಅಂತ ಆಗಿದ್ದು ಅಷ್ಟೇ.

ಸ್ಕಾಟ್ಲೆಂಡಿನ ಎಡಿನ್‌ಬರಾದ ಮೇರಿ ಕಿಂಗ್ಸ್ ಕ್ಲೋಸ್ ಬೇರೆ ಥರ. ಅದೊಂದು ಹಳೇ ಓಣಿ. 1753ರಲ್ಲಿ ಅದರ ಮೇಲೇ ದೊಡ್ಡ ಕಟ್ಟಡ ಕಟ್ಟಲು ಶುರು ಮಾಡಿದರು, ಓಣಿಯ ಕೆಳಗಿನ ಮನೆಗಳು ನೆಲಮಾಳಿಗೆಯಾಗಿ ಉಳಿದವು. ಅಲ್ಲಿನ ಒಂದು ಕೋಣೆಯಲ್ಲಿ ಗೊಂಬೆಗಳ ರಾಶಿ. 1992ರಲ್ಲಿ ಬಂದ, ತನಗೆ ಅತೀಂದ್ರಿಯ ಶಕ್ತಿ ಇದೆ ಅನ್ನುವ ಜಪಾನಿನವರೊಬ್ಬರು, ಇಲ್ಲೊಂದು ಪುಟ್ಟ ಹುಡುಗಿ ಗೊಂಬೆ ಕಳೆದುಕೊಂಡು ಅಳುತ್ತಿದ್ದಾಳೆ ಅಂದರಂತೆ. ಅವತ್ತಿನಿಂದ ಬಂದವರೆಲ್ಲ ಗೊಂಬೆ ಇಟ್ಟು ಹೋಗುತ್ತಾರೆ. ಗೈಡ್ ದನಿ ತಗ್ಗಿಸಿದಾಗ ನನಗೂ ಕತ್ತಿನ ಹಿಂದೆ ತಣ್ಣಗಾಯಿತು, ಸುಳ್ಳು ಹೇಳಲ್ಲ. ಆಮೇಲೆ ಆ ರಾಶಿ ನೋಡಿ ನಗು ಬಂತು. ಪಾಪ, ಆ ಮಗುವಿಗೆ ಆಡೋಕೆ ಜಾಗವೇ ಉಳಿದಿರಲಿಲ್ಲ.

ಕತ್ತು ತಣ್ಣಗಾಗುವುದರ ಬಗ್ಗೆ ನನಗೆ ಇಷ್ಟವಾದ ಕಥೆ ಒಬ್ಬ ಎಂಜಿನಿಯರ್‌ದು. ಇಂಗ್ಲೆಂಡಿನ ವಿಕ್ ಟ್ಯಾಂಡಿಗೆ ತಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ರಾತ್ರಿ ಬೆವರು ಬಂತು, ಕಣ್ಣಂಚಿನಲ್ಲಿ ಬೂದು ಬಣ್ಣದ ಆಕೃತಿ ಕಂಡಿತು. ಮರುದಿನ ವಸ್ತುಗಳನ್ನು ಬಿಗಿಹಿಡಿಯುವ ವೈಸ್‌ಗೆ ಸಿಕ್ಕಿಸಿಟ್ಟಿದ್ದ ಕತ್ತಿವರಸೆಯ ಅಲಗು ತನ್ನಷ್ಟಕ್ಕೆ ನಡುಗುತ್ತಿತ್ತು. ಹುಡುಕಿದರೆ, ಹೊಸದಾಗಿ ಹಾಕಿದ ಫ್ಯಾನು! ಅದು ಸುಮಾರು 19 ಹರ್ಟ್ಜ್‌ನ ಸದ್ದು ಹೊರಡಿಸುತ್ತಿತ್ತು, ಕಿವಿಗೆ ಕೇಳಿಸದಷ್ಟು ತಗ್ಗಿನದು. ಅದನ್ನು ಸರಿಮಾಡಿದ ಮೇಲೆ ದೆವ್ವವೂ ಹೋಯಿತು. 1998ರಲ್ಲಿ ಅವರು ಇದನ್ನೇ ಪ್ರಬಂಧವಾಗಿ ಪ್ರಕಟಿಸಿದರು. ಎಲ್ಲ ದೆವ್ವಕ್ಕೂ ಫ್ಯಾನೇ ಕಾರಣ ಅಂತಲ್ಲ ಬಿಡಿ.

ನಿಜವಾಗಿ ನನ್ನ ಕಾಲು ನಡುಗಿದ್ದು ಪ್ಯಾರಿಸ್ಸಿನ ನೆಲದಡಿಯ ಸುರಂಗಗಳಲ್ಲಿ, ಅಂದರೆ ಕ್ಯಾಟಕೋಂಬ್ಸ್‌ನಲ್ಲಿ. ಅಲ್ಲಿ ಯಾರೂ ದೆವ್ವದ ಮಾತೇ ಎತ್ತಲಿಲ್ಲ.

ಸುರುಳಿ ಮೆಟ್ಟಿಲು, 131. ಇಳಿದಷ್ಟೂ ತಣ್ಣಗೆ. ಕೆಳಗೆ ವರ್ಷವಿಡೀ 14 ಡಿಗ್ರಿ. ಬಹಳ ಹೊತ್ತು ಬರೀ ಕಲ್ಲಿನ ಸುರಂಗ, ಯಾಕೆಂದರೆ ಇದು ಮೊದಲು ಕಲ್ಲಿನ ಗಣಿ. ಊರೊಳಗಿನ ಸ್ಮಶಾನ ತುಂಬಿ ತುಳುಕಿ, 1780ರಲ್ಲಿ ಪಕ್ಕದ ಮನೆಯ ನೆಲಮಾಳಿಗೆಯ ಗೋಡೆ ಒಡೆದು ಹೆಣಗಳು ಒಳಗೆ ನುಗ್ಗಿದವು. ಆಮೇಲೆ ರಾತ್ರಿ ಹೊತ್ತು ಗಾಡಿಗಳಲ್ಲಿ ಮೂಳೆ ಹೇರಿ, ಜೊತೆಗೆ ಪಾದ್ರಿಗಳು ಮಂತ್ರ ಹೇಳುತ್ತಾ, ಇಲ್ಲಿಗೆ ತಂದು ಸುರಿದರು. ಸುಮಾರು 60 ಲಕ್ಷ ಜನರ ಮೂಳೆ.

'ನಿಲ್ಲು, ಇದು ಸಾವಿನ ಸಾಮ್ರಾಜ್ಯ' ಅಂತ ಬಾಗಿಲ ಮೇಲೆ ಕೆತ್ತಿದ್ದಾರೆ. ದಾಟಿದರೆ ಎರಡೂ ಕಡೆ ಗೋಡೆ. ಕಲ್ಲಿನದಲ್ಲ. ತೊಡೆಮೂಳೆಗಳನ್ನು ನಮ್ಮ ಹಿತ್ತಿಲಲ್ಲಿ ಸೌದೆ ಒಟ್ಟುವ ಹಾಗೆ, ಗಂಟಿನ ತುದಿ ಹೊರಗೆ ಕಾಣುವಂತೆ ಒಟ್ಟಿದ್ದಾರೆ. ನಡುನಡುವೆ ತಲೆಬುರುಡೆಗಳ ಸಾಲು. ಮೇಲಿಂದ ತೊಟ್ಟಿಕ್ಕುವ ನೀರಿಗೆ ಒಂದು ಬುರುಡೆಯ ನೆತ್ತಿ ಹಸಿರುಗಟ್ಟಿತ್ತು. ಯಾವ ಸ್ಮಶಾನದಿಂದ, ಯಾವತ್ತು ತಂದಿದ್ದು ಅಂತ ಕಲ್ಲಿನ ಮೇಲೆ ಬರೆದಿದೆ. ಯಾರದ್ದು ಅಂತ ಇಲ್ಲ. ರಾಜನೋ, ಗಾಡಿ ಹೊಡೆಯುವವನೋ, ಬಾಣಂತಿಯೋ. ನಾನು ನಿಂತಲ್ಲೇ ಎಣಿಸೋಕೆ ಶುರು ಮಾಡಿ, ನಲವತ್ತರ ಹತ್ತಿರ ಬಿಟ್ಟೆ.

ಪ್ಯಾರಿಸ್ಸಿನ ಕೆಳಗೆ ಇಂಥ ಸುರಂಗಗಳು ಸುಮಾರು 300 ಕಿಲೋಮೀಟರ್ ಇವೆ, ನಮ್ಮನ್ನು ಬಿಡುವುದು ಒಂದೂವರೆ ಕಿಲೋಮೀಟರಿಗೆ ಮಾತ್ರ. ಉಳಿದದ್ದರಲ್ಲಿ ಎಲ್ಲೋ ಒಂದು ಕಡೆ ಫಿಲಿಬೇರ್ ಆಸ್ಪೇರ್‌ನ ಸಮಾಧಿ ಇದೆ. ಆಸ್ಪತ್ರೆಯ ಬಾಗಿಲು ಕಾಯುತ್ತಿದ್ದವನು, 1793ರಲ್ಲಿ ಒಬ್ಬನೇ ಇಳಿದು ದಾರಿ ತಪ್ಪಿದ. ಸಿಕ್ಕಿದ್ದು 11 ವರ್ಷದ ಮೇಲೆ. ಸೊಂಟದಲ್ಲಿದ್ದ ಬೀಗದ ಕೈ ಗೊಂಚಲಿನಿಂದ ಗುರುತು ಹಿಡಿದರಂತೆ. ಇದನ್ನು ಓದಿಕೊಂಡೇ ಹೋಗಿದ್ದೆ, ಅದೇ ತಪ್ಪಾಯಿತು. ಮುಂದಿದ್ದ ಗುಂಪು ತಿರುವಿನಲ್ಲಿ ಮರೆಯಾಗಿ ಅವರ ಮಾತು ನಿಂತಾಗ ಓಡಿಯೇಬಿಟ್ಟೆ.

ಇದನ್ನೆಲ್ಲ ಅತ್ತೆಗೆ ಹೇಳಿದೆ. ಎಲೆಯ ಮೇಲಿನ ಹೋಳಿಗೆ ಹಾಗೇ ಬಿಟ್ಟು ಕೇಳಿಸಿಕೊಂಡರು. ಕೊನೆಗೆ ಅವರು ಕೇಳಿದ್ದು ದೆವ್ವದ ವಿಷಯವಲ್ಲ.

"ರೂಮಿಗೆ ಬಂದು ತಲೆಗೆ ಸ್ನಾನ ಮಾಡಿದ್ಯಾ ಇಲ್ವಾ?"

ಮಾಡಿದ್ದೆ.