ಅವಳ ಸಹಿ

ಇವತ್ತು ಗೆಳತಿಯ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಎರಡು ಮಕ್ಕಳ ತಾಯಿ. ಚಿಕ್ಕದಕ್ಕೆ ಇನ್ನೂ 10 ತಿಂಗಳು. ಈಗ ಮತ್ತೆ ಗರ್ಭಿಣಿ, 8ನೇ ವಾರ. ಎಷ್ಟೋ ರಾತ್ರಿ ನಿದ್ದೆಗೆಟ್ಟು, ಅಡುಗೆಮನೆಯಲ್ಲಿ ಒಬ್ಬಳೇ ಅತ್ತು, ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಗರ್ಭಪಾತಕ್ಕೆಂದು ಬಂದಿದ್ದಳು. ಕೌಂಟರಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಗಂಡನ ಸಹಿ ಎಲ್ಲಿ?"

ನನಗೆ ಹೊಟ್ಟೆ ಉರಿಯಿತು. ವೈದ್ಯಕೀಯ ಗರ್ಭಪಾತದ 1971ರ ಕಾಯ್ದೆಯಲ್ಲಿ ಗಂಡನ ಸಹಿಯ ಮಾತೇ ಇಲ್ಲ. ವಯಸ್ಕ ಹೆಣ್ಣಿಗೆ ಅವಳದೇ ಒಪ್ಪಿಗೆ ಸಾಕು. 2021ರ ತಿದ್ದುಪಡಿಯ ನಂತರ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಅಲ್ಲಿಯೇ ನಿಂತು ಇದನ್ನೆಲ್ಲ ಹೇಳಿದೆ. ವೈದ್ಯೆ ಹೊರಗೆ ಬಂದು ಅವಳೊಬ್ಬಳನ್ನೇ ಒಳಗೆ ಕರೆದುಕೊಂಡು ಹೋದರು.

ಮರಳುವಾಗ ಆಟೋದಲ್ಲಿ ನನ್ನ ಕೈ ಬಿಡಲೇ ಇಲ್ಲ. ಇಳಿಯುವಾಗ ಇಷ್ಟೇ ಹೇಳಿದಳು: "ಮಗು ಎದ್ದಿರುತ್ತದೆ, ಬೇಗ ಹೋಗಬೇಕು."